ತಿರುವಿಗೂ ಮೊದಲೇ ಬ್ರೇಕ್

"ನನಗೆ ಈ ಸಣ್ಣ ಕಾರೇ ಸಾಕು. ಆ ದೊಡ್ಡದು ಬೇಡ."

ಆ ದನಿ ಕೇಳಿ, ಶೋರೂಮಿನ ಕೌಂಟರಿನ ಹಿಂದೆ ಕೂತಿದ್ದ ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

ತಲೆ ಎತ್ತುವ ಅಗತ್ಯವೇ ಇರಲಿಲ್ಲ. ಎಷ್ಟೋ ರ‍್ಯಾಲಿಗಳಲ್ಲಿ, ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಿಂದ ನೇರವಾಗಿ ಕಿವಿಯೊಳಗೆ ಇಳಿಯುತ್ತಿದ್ದ ದನಿ ಅದು...

ಅವನು!

ಎದೆ ಧಸಕ್ಕೆನ್ನಬೇಕಿತ್ತು. ಇಂಥ ಕಥೆಗಳಲ್ಲಿ ಹಾಗೆ ತಾನೇ ಆಗುವುದು? ಆದರೆ ಅವಳಿಗೆ ಏನೂ ಆಗಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಹೇಗೋ, ಹಾಗಿತ್ತು ಮನಸ್ಸು. ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಕಾಕತಾಳೀಯ ಎಂದು ಮೂಗು ಮುರಿಯಬೇಡಿ. ಆ ಸಣ್ಣ ಕಾರು ಮಾರುವ ಶೋರೂಮ್ ಆ ಊರಿಗೆಲ್ಲ ಇದ್ದದ್ದೇ ಅದೊಂದು. ಬೇಕಾದವರು ಅಲ್ಲಿಗೇ ಬರಬೇಕಿತ್ತು.

ಅವನು ಕೌಂಟರಿನ ಕಡೆ ತಿರುಗಿದ. ನೋಡಿದ. ಮುಖದ ಬಣ್ಣ ಹೋಯಿತು.

"ನೀವು... ಇಲ್ಲಿ?"

ನೀವು! ಹಿಂದೆ ಅವನು ಅವಳನ್ನು ಕರೆಯುತ್ತಿದ್ದದ್ದು 'ರೇಡಿಯೋ' ಎಂದು. ರ‍್ಯಾಲಿಯಲ್ಲಿ ಅವನು ಕಾರು ಓಡಿಸಿದರೆ, ಪಕ್ಕದಲ್ಲಿ ಕೂತು ಮುಂದಿನ ದಾರಿಯನ್ನು ಒಂದೇ ಸಮನೆ ಓದಿ ಹೇಳುವ ನ್ಯಾವಿಗೇಟರ್ ಅವಳು. ಬಾಯಿಗೆ ಬಿಡುವೇ ಇಲ್ಲದ ಕೆಲಸ, ಅದಕ್ಕೇ ಆ ಹೆಸರು.

"ಡೆಲಿವರಿ ಪೇಪರ್ಸ್ ಎಲ್ಲ ನಾನೇ ನೋಡ್ಕೊಳ್ಳೋದು ಸರ್. ಕೂತ್ಕೊಳ್ಳಿ," ಎಂದಳು. ದನಿ ನಡುಗಲಿಲ್ಲ.

'ಛೇ, ನಡುಗಲೂ ಇಲ್ಲವಲ್ಲ...' ಎಂದುಕೊಂಡಳು.

ಒಂದು ಸಲ ಅವರಿಬ್ಬರ ಕಾರು ಪಲ್ಟಿ ಹೊಡೆದಿತ್ತು. ಯಾರ ತಪ್ಪೂ ಅಲ್ಲ, ಹಿಂದಿನ ದಿನ ದಾರಿ ಗುರುತು ಹಾಕಿಕೊಂಡಾಗ ಇಲ್ಲದ ಬಂಡೆಯೊಂದು ರಸ್ತೆಗೆ ಉರುಳಿತ್ತು. ಅವನಿಗೆ ತರಚುಗಾಯ. ಅವಳಿಗೆ ಭುಜದ ಮೂಳೆ ಮುರಿಯಿತು. ವಾಸಿಯಾದ ಮೇಲೆ ನಗುನಗುತ್ತಲೇ ಮತ್ತೆ ಅವನ ಪಕ್ಕ ಹತ್ತಿ ಕೂತಳು.

ಅವಳ ಬದುಕು ಮುರಿದದ್ದು, ಹಾಗೆ ಮರಳಿದ ಮೇಲಿನ ಆ ರ‍್ಯಾಲಿಯಲ್ಲಿ.

"ಎಡ ತಿರುವು, ಸಲೀಸು, ಬಿಡು!" ಎಂದು, ವೇಗ ತಗ್ಗಿಸಬೇಡ ಎನ್ನುವ ಅರ್ಥದಲ್ಲಿ, ಅವಳು ಕೂಗಿದರೆ ಅವನು ಬ್ರೇಕ್ ಒತ್ತಿದ. "ನೇರ ಇದೆ, ಬಿಡು!" ಎಂದರೂ ಬ್ರೇಕ್. ದಾರಿಯುದ್ದಕ್ಕೂ ಹಾಗೆಯೇ. ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿದರು. ನ್ಯಾವಿಗೇಟರ್ ಮಾತನ್ನು ಡ್ರೈವರ್ ನಂಬದಿದ್ದರೆ ಅವಳು ಅಲ್ಲಿ ಇದ್ದೇನು, ಬಿಟ್ಟೇನು? ಆ ಸಂಜೆಯೇ ತಂಡದ ಯಜಮಾನರು ಕರೆದು, "ಅವನು ಬೇರೆ ನ್ಯಾವಿಗೇಟರ್ ಕೇಳ್ತಿದ್ದಾನಮ್ಮ" ಎಂದರು.

ಅವಳು ಒಂದು ಮಾತೂ ಕೇಳಲಿಲ್ಲ. ಬ್ಯಾಗು ಕಟ್ಟಿಕೊಂಡು ಅಕ್ಕನ ಮನೆಗೆ ಹೋದಳು. ಫೋನ್ ನಂಬರ್ ಬದಲಾಯಿಸಿದಳು. 'ನನಗೆ ನನ್ನ ಕೆಲಸವೇ ಬರಲಿಲ್ಲ' ಎಂಬ ಒಂದೇ ಮಾತು ಒಳಗೆ ಕೂತುಬಿಟ್ಟಿತು. ಅದರ ಕೆಳಗೆ, ಅವನ ಮೇಲಿದ್ದ ಪ್ರೀತಿಯೂ ಸದ್ದಿಲ್ಲದೆ ಹೂತುಹೋಯಿತು.

"ನೀನು ಮನೇಲಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಕಣೇ. ಜಗಳನಾದ್ರೂ ಆಡೇ ನನ್ನ ಜೊತೆ!" ಎಂದು ಅಕ್ಕ ಗೋಳಾಡುತ್ತಿದ್ದಳು. ಜಗಳವಾಡಲು ಅವಳಿಗೆ ಕೋಪವೂ ಬರುತ್ತಿರಲಿಲ್ಲ.

ಅವನೋ, ಆಮೇಲೆ ಸಾಲಾಗಿ ಗೆದ್ದ. ಪೇಪರಿನಲ್ಲಿ ಫೋಟೋ ಬಂತು. ಈಗ ಟೈರಿನ ದೊಡ್ಡ ವ್ಯಾಪಾರವಂತೆ. ಆ ಸುದ್ದಿಗಳನ್ನು ಅವಳು ಹವಾಮಾನ ವರದಿ ಓದಿದ ಹಾಗೆ ಓದಿ ಮಡಚಿಟ್ಟಿದ್ದಳು.

ಶೋರೂಮಿನ ಮ್ಯಾನೇಜರಿಗೆ ಇದೊಂದೂ ಗೊತ್ತಿಲ್ಲ. ಅವರ ಕಣ್ಣೆಲ್ಲ ಗಾಜಿನ ಮುಂದೆ ಮಿರಮಿರ ಮಿಂಚುತ್ತಿದ್ದ ದೊಡ್ಡ ಕಾರಿನ ಮೇಲೆ.

"ಸರ್, ನಿಮ್ಮಂಥವರು ಅದನ್ನ ತಗೊಳ್ಳದೆ ಇನ್ಯಾರು ತಗೊಳ್ಬೇಕು ಹೇಳಿ? ಗುಂಡಿ ಬಂದ್ರೂ ಹೊಟ್ಟೇಲಿರೋ ನೀರು ಅಲ್ಲಾಡಲ್ಲ!"

"ಅದಕ್ಕೇ ಬೇಡ ಅಂದಿದ್ದು," ಎಂದ ಅವನು. "ನಮ್ಮಮ್ಮನೂ ನಿಮ್ಮ ಪಾರ್ಟಿನೇ ಸರ್. ದೊಡ್ಡದು ತಗೊಳ್ಳೋ, ಹೆಣ್ಣು ಕೊಡೋರು ನೋಡೋದು ಬೇಡ್ವಾ ಅಂತಾರೆ."

ಓಹೋ, ಹೆಣ್ಣು ನೋಡುತ್ತಿದ್ದಾರೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅವನ ಕಣ್ಣು ಮಾತ್ರ ಹೊರಗೆ ಅಂಗಳದ ಮೂಲೆಯಲ್ಲಿದ್ದ ಗಿಡ್ಡ ಹಳದಿ ಕಾರಿನ ಮೇಲೆ. ಮೋಟು ಮೂತಿ, ಗಟ್ಟಿ ಸೀಟು, ಕೈಯಲ್ಲೇ ಹಾಕಬೇಕಾದ ಗೇರು. ನೋಡುವುದಕ್ಕೆ ಪಾಪದ್ದು, ಎಂಜಿನ್ ಮಾತ್ರ ಪುಂಡ.

ಅಷ್ಟರಲ್ಲಿ ಸೇಲ್ಸ್‌ನವರು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಸಿದರು. ದುಂಡಗಿನ ನಡುವಯಸ್ಸಿನ ಮನುಷ್ಯ. ಅವನು ಒಳಗೆ ಬರುವ ಮೊದಲು ಅವನ ಜೊತೆ ಹಳದಿ ಕಾರಿನ ಟೆಸ್ಟ್ ಡ್ರೈವ್ ಮುಗಿಸಿದ್ದರು.

"ನೀರು ಕೊಡಿ ಮೇಡಂ... ಕಾರಲ್ಲಿ ಬ್ರೇಕ್ ಅಂತ ಒಂದಿದೆ ಅನ್ನೋದೇ ಆ ಮನುಷ್ಯನಿಗೆ ಗೊತ್ತಿಲ್ಲ! ಗುಡ್ಡದ ತಿರುವಲ್ಲಿ ಹೆಂಡ್ತಿ ಮಕ್ಕಳೆಲ್ಲ ಕಣ್ಮುಂದೆ ಬಂದ್ರು."

ಅವಳು ಬಾಟಲಿ ಮುಂದೆ ಸರಿಸಿದಳು. 'ಬೇರೆ ಯಾರಿದ್ದರೂ ಸರಿ... ನಾನಿದ್ದಾಗ ಮಾತ್ರ ಬ್ರೇಕು.' ನೋಯಬೇಕಿತ್ತು. ನೋಯಲಿಲ್ಲ.

"ಇನ್ನೊಂದು ಸಲ ಓಡಿಸಿ ನೋಡ್ತೀನಿ," ಎಂದು ಅವನು ಮ್ಯಾನೇಜರಿಗೆ ಹೇಳುವುದು ಕೇಳಿಸಿತು. "ಈ ಸಲ ಅವರು ಬರ್ಲಿ."

ಬೆರಳು ಅವಳ ಕಡೆಗಿತ್ತು.

ಮ್ಯಾನೇಜರ್ ಓಡಿಬಂದು ಪಿಸುಗುಟ್ಟಿದರು. "ಹೋಗಿಬನ್ನಿ ಮೇಡಂ. ದಾರೀಲಿ ಹಾಗೇ ಮೆಲ್ಲಗೆ ದೊಡ್ಡ ಕಾರಿನ ವಿಷಯ ತೆಗೀರಿ. ಕೆಲಸ ಆದ್ರೆ ನಿಮ್ಮ ಹೆಸರಲ್ಲಿ ಎಲ್ಲರಿಗೂ ಐಸ್‌ಕ್ರೀಮ್!"

ಹಿಂದಿನ ಅವಳಾಗಿದ್ದರೆ ನಕ್ಕಿರುತ್ತಿದ್ದಳು. ಈಗ ಎದ್ದು ಹೋಗಿ ಕಾರಿನ ಬಾಗಿಲು ತೆರೆದು ಕೂತಳು.

ಆ ಕೊನೆಯ ರ‍್ಯಾಲಿಯ ನಂತರ ಇದೇ ಮೊದಲು, ಅವನ ಪಕ್ಕದ ಸೀಟು. ಬೆಲ್ಟು ಎಳೆದುಕೊಂಡಳು. ತುಟಿ ಬಿಗಿದುಕೊಂಡಳು. ಒಂದು ಮಾತೂ ಆಡಕೂಡದು!

ಶೋರೂಮಿನ ಹಿಂದೆಯೇ ಗುಡ್ಡದ ರಸ್ತೆ. ಎಂಜಿನ್ ಗುರುಗುಟ್ಟಿತು. ಸೀಟಿನ ಅಡಿಯಿಂದ ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಾಗತೊಡಗಿತು.

ಮೊದಲ ತಿರುವು ಬಂತು. ಇನ್ನೂ ದೂರವಿರುವಾಗಲೇ ಬ್ರೇಕ್.

ಎರಡನೆಯದು. ಅಗಲವಾದ ರಸ್ತೆ, ಎದುರಿಗೆ ನರಪಿಳ್ಳೆ ಇಲ್ಲ. ಮತ್ತೆ ಬ್ರೇಕ್! ಹಿಂದಿದ್ದ ಹಾಲಿನ ವ್ಯಾನಿನವನು ಹಾರ್ನ್ ಬಾರಿಸಿ, ಗೊಣಗುತ್ತಾ ಮುಂದೆ ಹೋದ.

ಮೂರನೆಯ ತಿರುವಿನಲ್ಲೂ ಅದೇ ಕಥೆ. ಅವಳ ಹುಬ್ಬು ಗಂಟಿಕ್ಕಿತು.

'ಸೇಲ್ಸ್‌ನವರ ಜೊತೆ ಇದೇ ರಸ್ತೆಯಲ್ಲಿ ಬ್ರೇಕೇ ಹಾಕಲಿಲ್ಲವಂತೆ. ಈಗ ಯಾಕೆ? ನಾನು ಬಾಯೇ ಬಿಟ್ಟಿಲ್ಲ. ನಂಬುವುದಕ್ಕೂ ನಂಬದೆ ಇರುವುದಕ್ಕೂ ನನ್ನ ಮಾತೇ ಇಲ್ಲವಲ್ಲ ಇಲ್ಲಿ! ಹಾಗಾದರೆ... ಆವತ್ತು...?'

"ಸರ್, ಈ ತಿರುವುಗಳಿಗೆ ಬ್ರೇಕ್ ಯಾಕೆ?" ಕೇಳಿಯೇಬಿಟ್ಟಳು.

"ಸುಮ್ನೆ..."

"ಅವರ ಜೊತೆ ಬಂದಾಗ ಹಾಕಿಲ್ಲ ನೀವು."

ಅವನು ಕಣ್ಣು ರಸ್ತೆಯಿಂದ ತೆಗೆಯಲಿಲ್ಲ. "ಆಗ ಪಕ್ಕದಲ್ಲಿ ನೀವು ಇರ್ಲಿಲ್ಲ."

"ನಾನು ಏನೂ ಹೇಳಿಲ್ಲವಲ್ಲ!"

"ನೀವೇನೂ ಹೇಳ್ಬೇಕಾಗಿಲ್ಲ. ಪಕ್ಕದಲ್ಲಿದ್ರೆ ಸಾಕು, ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ."

"ನಿಲ್ಸು. ಕಾರ್ ನಿಲ್ಸು!"

ಸರ್ ಹೋಗಿ ನೀನು ಬಂದದ್ದು ಇಬ್ಬರಿಗೂ ಕೇಳಿಸಿತು. ಕಾರು ರಸ್ತೆಯ ಬದಿಗೆ ಬಂದು ನಿಂತಿತು.

"ಆವತ್ತು ನಾನು ಬಿಡು ಬಿಡು ಅಂತ ಕೂಗಿದ ಕಡೆಯೆಲ್ಲ ಬ್ರೇಕ್ ಒತ್ತಿದೆಯಲ್ಲ... ನನ್ನ ಮಾತಿನ ಮೇಲೆ ನಂಬಿಕೆ ಹೋಗಿ ಅಲ್ವಾ?"

ಅವನು ಪೆಚ್ಚಾಗಿ ಅವಳನ್ನೇ ನೋಡಿದ. "ನಿನ್ನ ಮಾತಿನ ಮೇಲಾ? ಹಾಗಂದ್ಕೊಂಡೇ ಹೊರಟುಹೋದ್ಯಾ ನೀನು?"

"ಮತ್ತಿನ್ನೇನು ಅಂದ್ಕೊಳ್ಳಲಿ?"

"ರೇಡಿಯೋ... ಕಾರು ಮಗುಚಿದಾಗ ನಿನ್ನ ಕಡೆ ಬಾಗಿಲು ಒಳಗೆ ನುಗ್ಗಿತ್ತು. ನಾನು ಕರೀತಾನೇ ಇದ್ದೆ, ನೀನು ಮಾತಾಡ್ಲಿಲ್ಲ. ಆಮೇಲೆ ತಿರುವು ಬಂದಾಗೆಲ್ಲ ನನ್ನ ಕಣ್ಣಿಗೆ ಆ ಬಾಗಿಲು. ನೀನು ಸರಿಯಾಗೇ ಹೇಳ್ತಿದ್ದೆ. ನನ್ನ ಕಾಲು ಕೇಳ್ತಿರ್ಲಿಲ್ಲ. ಇನ್ನು ಇವಳನ್ನ ಕೂರಿಸ್ಕೊಂಡು ವೇಗವಾಗಿ ಓಡಿಸೋಕೆ ನನ್ನಿಂದ ಆಗಲ್ಲ, ಬೇರೆ ಯಾರನ್ನಾದ್ರೂ ಕೊಡಿ ಅಂತ ಯಜಮಾನರಿಗೆ ಹೇಳಿದೆ. ಅದನ್ನ ನಿನಗೆ ಹೇಳೋಣ ಅಂತ ಬಂದ್ರೆ ರೂಮ್ ಖಾಲಿ!"

"ಹುಡುಕಬಹುದಿತ್ತು."

"ನಿಮ್ಮಕ್ಕನ ಮನೆ ಬಾಗಿಲಿಗೆ ಬಂದಿದ್ದೆ. 'ಅವಳು ನಿನ್ನ ಹೆಸರೇ ಎತ್ತಬೇಡ ಅಂದಿದ್ದಾಳೆ, ಹೋಗಪ್ಪಾ' ಅಂದ್ರು ಅವರು."

ಅವಳು ಅಕ್ಕನಿಗೆ ಹಾಗೆ ಹೇಳಿದ್ದು ನಿಜ. ಅಕ್ಕ ಅಕ್ಷರಶಃ ಪಾಲಿಸಿದ್ದಳು, ಪುಣ್ಯಾತ್ಗಿತ್ತಿ.

ಆಗ ಅವಳೊಳಗೆ ಬಿಸಿಯಾದದ್ದೇನೋ ಎದ್ದು ಬಂತು. ಕೋಪ! ಎಷ್ಟು ಕಾಲವಾಗಿತ್ತು ಇದು ಬಂದು!

"ಯಜಮಾನರಿಗೆ ಹೇಳೋಕೆ ಮುಂಚೆ ನನಗೆ ಹೇಳಕ್ಕೆ ಏನಾಗಿತ್ತು ನಿನಗೆ? ನನಗೆ ನನ್ನ ಕೆಲಸವೇ ಬರಲ್ಲ ಅಂದ್ಕೊಂಡು ಇಷ್ಟು ದಿನ ಬದುಕಿದ್ದೀನಿ ಕಣೋ! ಅಳು ಬರಲ್ಲ, ನಗು ಬರಲ್ಲ... ಮರಗಟ್ಟಿ ಹೋಗಿದ್ದೀನಿ ನಾನು!"

ಹಾಗೆನ್ನುತ್ತಲೇ ಕೆನ್ನೆ ಒದ್ದೆಯಾಗಿತ್ತು. ಅವಳಿಗೇ ಆಶ್ಚರ್ಯ, ಮುಟ್ಟಿ ನೋಡಿಕೊಂಡಳು.

"ತಪ್ಪಾಯ್ತು," ಎಂದ ಅವನು. ನೆಪ ಹೇಳಲಿಲ್ಲ. ಕೈ ಸ್ಟೀರಿಂಗ್ ಮೇಲೇ ಇತ್ತು.

"ನಾನೂ ಹಾಗೇ ಇದ್ದೆ," ಎಂದು ಅವನೇ ಮುಂದುವರಿಸಿದ. "ನೀನು ಹೋದ ಮೇಲೆ ಹೆದರಿಕೇನೇ ಬರ್ಲಿಲ್ಲ. ಅದಕ್ಕೇ ಗೆದ್ದೆ. ಎಲ್ಲರೂ ಶೂರ ಅಂದ್ರು. ಕಪ್ ತಗೊಂಡು ಮನೆಗೆ ಬಂದ್ರೆ ಯಾರೋ ಪಕ್ಕದ ಮನೆಯವನು ಗೆದ್ದ ಹಾಗೆ ಅನ್ನಿಸ್ತಿತ್ತು. ಆ ದೊಡ್ಡ ಕಾರನ್ನೂ ಓಡಿಸಿ ನೋಡಿದೆ. ಮೆತ್ತಗೆ, ಸದ್ದಿಲ್ಲದೆ, ಎಲ್ಲ ಅದೇ ನೋಡ್ಕೊಳ್ಳುತ್ತೆ. ರಸ್ತೆ ಇದೆಯೋ ಇಲ್ವೋ ಅದೂ ಗೊತ್ತಾಗಲ್ಲ. ಈಗಾಗ್ಲೇ ನನಗೆ ಏನೂ ಗೊತ್ತಾಗ್ತಿಲ್ಲ, ಇನ್ನು ಅದರೊಳಗೆ ಕೂತ್ರೆ ಪೂರ್ತಿ ಮುಗೀತು ಅನ್ನಿಸ್ತು. ಇದಾದ್ರೆ ಒಂದು ಕಲ್ಲು ಸಿಕ್ಕಿದ್ರೂ ಬೆನ್ನಿಗೆ ಹೇಳುತ್ತೆ."

ಅವಳು ಮೂಗು ಒರೆಸಿಕೊಂಡಳು. ಮ್ಯಾನೇಜರರ ಐಸ್‌ಕ್ರೀಮ್ ಕರಗಿ ನೀರಾಗಿತ್ತು.

"ಮತ್ತೆ... ಅಮ್ಮ ಹೆಣ್ಣು ನೋಡ್ತಿದ್ದಾರೆ ಅಂದ್ಯಲ್ಲ?"

"ಅವರು ನೋಡ್ತಾರೆ. ನಾನು ನೋಡಿಲ್ಲ."

ಅವಳಿಗೆ ನಗು ಬಂದಂತಾಯಿತು. ತಡೆದುಕೊಂಡಳು, ಕೇಳಬೇಕಾದದ್ದು ಇನ್ನೂ ಒಂದಿತ್ತು.

"ಪ್ರೀತಿಸ್ತೀನಿ ಅಂತ ಒಂದು ಮಾತು ಬಾಯಿಬಿಟ್ಟು ಹೇಳ್ಬಹುದಿತ್ತಲ್ಲೋ!"

"ಪ್ರತಿ ತಿರುವಲ್ಲೂ ಹೇಳಿದೆ," ಎಂದ ಅವನು ಮೆಲ್ಲಗೆ. "ನಿನಗೆ ಅರ್ಥವಾಗೋ ಹಾಗೆ ಹೇಳೋಕೆ ಬರ್ಲಿಲ್ಲ. ಈಗ ಬಾಯಲ್ಲೇ ಹೇಳ್ತಿದ್ದೀನಿ. ನೀನಿಲ್ಲದೆ ನನಗೆ ಆಗಲ್ಲ. ನಿನ್ನ ಮೇಲೆ ಪ್ರಾಣ ನನಗೆ."

ಅವಳು ಒದ್ದೆ ಕೆನ್ನೆ ಒರೆಸಿಕೊಂಡಳು. ಎದೆ ಹೊಡೆದುಕೊಳ್ಳುವುದು ಈಗ ಚೆನ್ನಾಗಿ ಕೇಳಿಸುತ್ತಿತ್ತು. ಆಮೇಲೆ ಬೆಲ್ಟು ಬಿಚ್ಚಿದಳು. ಬಾಗಿಲು ತೆರೆದಳು.

ಅವನು ಗಾಬರಿಯಾದ. "ಎಲ್ಲಿಗೆ? ಮತ್ತೆ ಹೋಗ್ತಿದ್ದೀಯಾ?"

ಅವಳು ಕಾರನ್ನು ಸುತ್ತಿಕೊಂಡು ಬಂದು ಅವನ ಕಡೆಯ ಬಾಗಿಲು ಎಳೆದಳು.

"ಇಳಿ. ಹೀಗೆ ಬ್ರೇಕ್ ಹಾಕ್ತಾ ಹೋದ್ರೆ ಶೋರೂಮ್ ಬಾಗಿಲು ಹಾಕಿರ್ತಾರೆ. ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ."

ಅವನು ಇಳಿದು ಎದುರು ನಿಂತ. ಅವಳು ಅವನ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಬೆಚ್ಚಗಿದ್ದವು.

"ಹೆದರಿಕೆ ಆಗುತ್ತೆ ಕಣೇ," ಎಂದ.

"ಆಗ್ಲಿ ಬಿಡೋ," ಎಂದಳು ಅವಳು. "ನನಗೂ ಆಗ್ತಿದೆ."