ಕೆಂಪು ಮುಚ್ಚಳ

"ನಾಲ್ಕು," ಎಂದಳು ಕೋಕಿಲಾ.

ಗೆರೆ ನೋಡಿ ಹೇಳಬೇಕಿತ್ತು. ಅವಳು ನೋಡಿದ್ದು ಸಿರಿಂಜ್ ಹಿಡಿದವನನ್ನು. ಬೆಳಗಿನ ಬೆಳಕಿಗೆ ಅದನ್ನು ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ಬೆರಳ ತುದಿಯಿಂದ ಟಕ್ ಟಕ್ ಎಂದು ಗಾಳಿಗುಳ್ಳೆ ಬಿಡಿಸುವಾಗ ಸೂಗಪ್ಪನ ಕೆಳತುಟಿ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಮೂರು ದಿನಗಳಿಂದ ಅವಳು ಆ ಕ್ಷಣಕ್ಕೆ ಕಾಯುತ್ತಿದ್ದಳು.

"ಮೇಡಂ, ನಾಲ್ಕು ಅನ್ನೋದು ಸಿರಿಂಜ್ ಮ್ಯಾಲ ಐತೋ, ನನ್ನ ಮಾರಿ ಮ್ಯಾಲ ಬರದೈತೋ?"

"ಸುಮ್ನೆ ಚುಚ್ಚಿ, ಸೂಗಪ್ಪ ಅವರೇ. ಮಗು ಕಾಯ್ತಿದೆ."

"ಹೂಂ ಅಣ್ಣಾ," ಎಂದಳು ಒಂಬತ್ತು ವರ್ಷದ ಭಾಗ್ಯಶ್ರೀ, ಫ್ರಾಕಿನ ತೋಳು ಮಡಚುತ್ತ. "ನೀವಿಬ್ಬರು ನಕ್ಕೊಂತ ನಿಂತ್ರ ನನ್ನ ಉಪ್ಪಿಟ್ಟು ಆರತೈತಿ."

ತೆಲುಗು ನಾಡಿನ ವಿಮಾನ ನಿಲ್ದಾಣದ ಊರು ಶಂಶಾಬಾದಿನ ಆಚೆಗಿನ ಈ ಶಾಲೆಯಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳಿಗೆಂದು ಐದು ದಿನದ ಕ್ಯಾಂಪ್. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಸಿಕೊಳ್ಳಲೇಬೇಕಾದ ಇಪ್ಪತ್ತಾರು ಮಕ್ಕಳು. ಅಲ್ಲಿ ಒಂದೇ ನಿಯಮ: ಒಬ್ಬರು ಸಿರಿಂಜಿಗೆ ಔಷಧ ಎಳೆಯಬೇಕು, ಇನ್ನೊಬ್ಬರು ಗೆರೆ ನೋಡಿ ಗಟ್ಟಿಯಾಗಿ ಓದಬೇಕು, ಆಮೇಲೆಯೇ ಸೂಜಿ. ಮೈಸೂರಿನ ಕೋಕಿಲಾ ಇಲ್ಲಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಬೇರೆಯವರ ಅಳತೆ ಸರಿಯಿದೆಯೇ ಎಂದು ನೋಡುವವಳು. ಓದುವ ಕೆಲಸ ಅವಳಿಗೇ ಬಂದಿತ್ತು. ಎಳೆಯುವವನು ರಾಯಚೂರಿನ ಸೂಗಪ್ಪ, ನಗರದ ಕುಷಾಯಿಗೂಡ ಬಡಾವಣೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಅವನಿಗೂ ಹತ್ತನೆಯ ವಯಸ್ಸಿನಿಂದ ಇದೇ ಕಾಯಿಲೆ. ಮೊದಲ ದಿನ ಅಳುತ್ತಿದ್ದ ಮಕ್ಕಳ ನಡುವೆ ಅಂಗಿ ಎತ್ತಿ, "ನೋಡ್ರಿ, ಸೊಳ್ಳಿ ಕಡದಂಗ," ಎಂದು ತಾನೇ ಚುಚ್ಚಿಕೊಂಡು ಅವರನ್ನು ನಗಿಸಿದ್ದ. ಅವಳ ಕಣ್ಣು ದಾರಿ ತಪ್ಪಿದ್ದು ಅಂದೇ.

ಹತ್ತು ನಿಮಿಷದ ಮೇಲೆ ಟೇಬಲ್ ಒರೆಸುವಾಗ ಟ್ರೇಯಲ್ಲಿ ಕೆಂಪಗೆ ಏನೋ ಕಂಡಿತು. ಸಿರಿಂಜಿನ ಮುಚ್ಚಳ.

ಕ್ಯಾಂಪಿನ ಸಿರಿಂಜ್‌ಗಳ ಮುಚ್ಚಳ ಕಿತ್ತಳೆ ಬಣ್ಣದ್ದು. ಕೆಂಪು ಮುಚ್ಚಳದ್ದು ಬೇರೆ ಔಷಧಿಗೆ, ತೆಳುವಾದ ಇನ್ಸುಲಿನ್‌ಗೆ. ಅದರ ಗೆರೆಗಳೇ ಬೇರೆ. ಕ್ಯಾಂಪಿನ ಗಟ್ಟಿ ಇನ್ಸುಲಿನ್ ಅನ್ನು ಅದರಲ್ಲಿ ನಾಲ್ಕರ ಗೆರೆಗೆ ಎಳೆದರೆ ಮೈಯೊಳಗೆ ಹೋಗುವುದು ನಾಲ್ಕು ಯೂನಿಟ್ ಅಲ್ಲ, ಹತ್ತು.

ಕೋಕಿಲಾ ಲೆಕ್ಕ ಇನ್ನೊಮ್ಮೆ ಮಾಡಿದಳು. ಹತ್ತೇ.

"ಸೂಗಪ್ಪ ಅವರೇ... ಇದು ಎಲ್ಲಿಂದ ಬಂತು?"

ಅವನ ಮುಖದ ನಗು ನಿಂತಲ್ಲೇ ಒಣಗಿತು. "ಭಾಗ್ಯಶ್ರೀನ ಕೊಟ್ಲು. 'ಅಣ್ಣಾ, ಇದ ನಂದು, ಇದು ನೋಯಂಗಿಲ್ಲ' ಅಂದ್ಲು. ಸಣ್ಣಂದಿನಿಂದ ಹೋದ ವರ್ಷದ ತನಕ ನಾನೂ ಕೆಂಪು ಮುಚ್ಚಳದ್ದ ಚುಚ್ಚಿಕೊಂಡಾಂವ. ಕೈಗೆ ಅದು ಬ್ಯಾರೆ ಅನಿಸಲೇ ಇಲ್ಲ."

ಇಬ್ಬರೂ ಓಡಿದರು. ಭಾಗ್ಯಶ್ರೀ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತಿದ್ದಳು.

ಕ್ಯಾಂಪಿನ ಡಾಕ್ಟರ್ ನಿಖಿತಾ ಬೈಯಲಿಲ್ಲ. ಹುಡುಗಿಯನ್ನು ಮಂಚದ ಮೇಲೆ ಕೂರಿಸಿ, ಕೈಗೆ ಡ್ರಿಪ್ಪಿನ ಸೂಜಿ ಹಾಕಿ, ಆಂಬುಲೆನ್ಸ್ ಬಾಗಿಲಿಗೆ ತರಿಸಿದರು. "ಹತ್ತು ನಿಮಿಷಕ್ಕೊಮ್ಮೆ ರಕ್ತದ ಸಕ್ಕರೆ ನೋಡಿ, ಎಪ್ಪತ್ತಕ್ಕಿಂತ ಇಳಿಯಬಾರದು. ಗ್ಲೂಕೋಸ್ ನೀರು ಕುಡಿಸುತ್ತಾ ಇರಿ. ಒಳಗೆ ಹೋದದ್ದನ್ನು ಹೊರಗೆ ತೆಗೆಯುವ ದಾರಿಯಿಲ್ಲ, ಮಧ್ಯಾಹ್ನದವರೆಗೆ ಕಾಯಬೇಕು," ಎಂದು ತೆಲುಗಿನಲ್ಲಿ ಹೇಳಿ ಹುಡುಗಿಯ ತಾಯಿಗೆ ಫೋನ್ ಹಚ್ಚಿದರು.

ನೂರಾ ಇಪ್ಪತ್ತೊಂದು. ತೊಂಬತ್ತಾರು. ಅರವತ್ತಮೂರು.

ಈಗ ಕೋಕಿಲಾ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದುತ್ತಿದ್ದಳು. ಲ್ಯಾಬಿನಲ್ಲಿ ತಪ್ಪಿದ ಅಂಕಿಯ ಕೆಳಗೆ ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಇಲ್ಲಿ ಅದು ಪುಟ್ಟ ಹಣೆಯ ಮೇಲೆ ಬೆವರಾಗಿ ಮೂಡುತ್ತಿತ್ತು.

ಐವತ್ತೊಂದು.

ಭಾಗ್ಯಶ್ರೀಯ ಕೈ ನಡುಗಿತು. ಲೋಟ ತಳ್ಳಿ, ಕಣ್ಣು ಅಗಲಿಸಿ ಕೋಕಿಲಾಳನ್ನು ನೋಡಿದಳು. "ನೀ ಯಾರ?"

"ನಾನು ಕಣೇ, ಕೋಕಿಲಕ್ಕ..."

"ನೀ ಯಾರ? ಅವ್ವಾ!"

ಡಾಕ್ಟರ್ ಗ್ಲೂಕೋಸ್ ಡ್ರಿಪ್ ಹರಿಯಬಿಟ್ಟರು. ತಲೆಯ ಮೇಲೆ ವಿಮಾನವೊಂದು ಕಿಟಕಿ ಗಾಜು ಅದುರಿಸುತ್ತ ಹೋಯಿತು. ಮಂಚದ ಆ ಬದಿ ಸೂಗಪ್ಪ, ಈ ಬದಿ ಅವಳು. ಅವನ ಕಡೆ ನೋಡಲು ಅವಳಿಗೆ ಹೆದರಿಕೆಯಾಯಿತು. ನೋಡಿದ್ದೇ ತಪ್ಪಾಗಿತ್ತಲ್ಲ.

ಐವತ್ತೆಂಟು. ಎಪ್ಪತ್ತನಾಲ್ಕು.

"ಕೋಕಿಲಕ್ಕ, ಇದು ಭಾಳ ಸಿಹಿ ಐತಿ," ಎಂದಳು ಹುಡುಗಿ. ಕೋಕಿಲಾ ಗೋಡೆಯತ್ತ ತಿರುಗಿ ಅತ್ತಳು.

ಹುಡುಗಿ ಮಲಗಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಬೆರಳು ಚುಚ್ಚುವುದು ನಿಲ್ಲಲಿಲ್ಲ. ನಡುವೆ ಒಮ್ಮೆ ಸೂಗಪ್ಪ ತಲೆ ಎತ್ತದೆ ಹೇಳಿದ: "ನಿಮಗ ಈಗ ಎಷ್ಟು ಅಂಜಿಕಿ ಆಗಾಕತ್ತೈತಿ, ನಮ್ಮವ್ವಗ ದಿನಾ ಅಷ್ಟ ಅಂಜಿಕಿ. ನಾ ನಿದ್ದಿ ಹೊಡದ್ರೂ ಕೈ ಹಚ್ಚಿ ನೋಡತಾಳ, ಬೆವತಾನೇನು ಅಂತ. ಅದಕ್ಕ ಮೂರು ದಿನದಿಂದ ನಿಮಗ ಹೇಳಬೇಕಂತ ಬಾಯಿಗೆ ಬಂದದ್ದು ನುಂಗಾಕತ್ತೀನ್ರಿ."

ಅವಳು ಹುಡುಗಿಯ ಹಣೆಗೆ ಕೈ ಇಟ್ಟು ನೋಡಿದಳು, ಬೆವರಿದೆಯೇ ಎಂದು.

ಹನ್ನೊಂದಕ್ಕೆ ಹುಡುಗಿಯ ತಾಯಿ ಹುಸೇನಮ್ಮ ಬಂದಳು, ಕಟ್ಟಡದ ಕೆಲಸದಿಂದ ನೇರ, ಸೀರೆಯಂಚಿನಲ್ಲಿ ಸಿಮೆಂಟು ಹಾಗೇ. ಮಗಳ ಕೆನ್ನೆ ಸವರಿ, ನೂರಾ ಮೂವತ್ತು ಎಂದು ಕೇಳಿದ ಮೇಲೆ ಕುಸಿದು ಕುಳಿತಳು. "ಸೂಜಿ ನಾನ ಕಂಪಾಸ್ ಬಾಕ್ಸಿನ್ಯಾಗ ಇಟ್ಟಿದ್ದೆರಿ, ಹುಡುಗಿಗೆ ರೂಢಿ ಐತಿ ಅಂತ. ನನ್ನ ಕೈ ಸೇದಿ ಹೋಗಲಿ!"

"ಇಲ್ಲಮ್ಮ," ಎಂದಳು ಕೋಕಿಲಾ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ನೋಡ್ಬೇಕಾಗಿದ್ದವಳು ನಾನು. ನಾನು ನೋಡ್ಲಿಲ್ಲ."

ಮಧ್ಯಾಹ್ನ ಡಾಕ್ಟರ್ ಒಂದು ಫಾರ್ಮ್ ಕೊಟ್ಟರು. ಏನಾಯಿತು, ಯಾವಾಗ, ಯಾರು. ಕೊನೆಯಲ್ಲಿ: ಕಾರಣ.

'ಗಡಿಬಿಡಿ' ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಕೋಕಿಲಾ ಪೆನ್ನಿನ ಮುಚ್ಚಳ ತೆಗೆದಳು. ಕಾರಣ ಸುಳ್ಳಾದರೆ ತಪ್ಪು ಮತ್ತೆ ಆಗುತ್ತದೆ. ಅವಳು ಕಲಿತದ್ದು ಅದನ್ನೇ. ಬರೆದಳು: 'ಗೆರೆ ಓದಬೇಕಾದವಳು ನಾನು. ಓದಲಿಲ್ಲ. ಎಳೆಯುತ್ತಿದ್ದವರ ಮುಖ ನೋಡುತ್ತಿದ್ದೆ.'

ಸೂಗಪ್ಪ ಓದಿದ. ಕಿವಿಯವರೆಗೆ ಕೆಂಪಾದ. ಪೆನ್ ತೆಗೆದುಕೊಂಡು ಅದರ ಕೆಳಗೆ ಬರೆದ: 'ಮುಚ್ಚಳದ ಬಣ್ಣ ನಾನು ನೋಡಬೇಕಿತ್ತು. ಅವರು ನನ್ನನ್ನು ನೋಡುತ್ತಿದ್ದಾರೆಂದು ಗೊತ್ತಿತ್ತು. ಗಮನ ಅಲ್ಲಿತ್ತು.'

ಡಾಕ್ಟರ್ ನಿಖಿತಾ ಎರಡು ಸಲ ಓದಿದರು. ನಗಲಿಲ್ಲ. "ಕಾರಣ ಸ್ಪಷ್ಟವಾಗಿದೆ. ಇನ್ನು ಮೇಲೆ ನೀವಿಬ್ಬರೂ ಬೇರೆ ಬೇರೆ ಟೇಬಲ್," ಎಂದು ಸಹಿ ಹಾಕಿದರು.

ಉಳಿದ ಎರಡು ದಿನ ಕೋಕಿಲಾ ಹುಡುಗಿಯರ ಟೇಬಲಿನಲ್ಲಿ ಸೀಸೆ, ಮುಚ್ಚಳ, ಗೆರೆ ಬಿಟ್ಟು ಏನನ್ನೂ ನೋಡಲಿಲ್ಲ. ಕೊನೆಯ ಬೆಳಿಗ್ಗೆ ಮಕ್ಕಳನ್ನು ಬಸ್ಸು ಹತ್ತಿಸಿ, ಭಾಗ್ಯಶ್ರೀಗೆ ಕೈ ಬೀಸಿ ತಿರುಗಿದಾಗ ಜಗುಲಿಯಲ್ಲಿ ಸೂಗಪ್ಪ ಕುಳಿತಿದ್ದ. ಮುಂದೆ ಅವನ ತಿಂಡಿಯ ತಟ್ಟೆ, ಕೈಯಲ್ಲಿ ಅವನದೇ ಸಿರಿಂಜ್.

"ಮೇಡಂ, ಹದಿನೇಳು ವರ್ಷ ಆತು. ನಂದು ಯಾರೂ ಓದಿ ಹೇಳಿಲ್ಲ."

ಅವಳಿಗೆ ಐವತ್ತೊಂದು ನೆನಪಾಯಿತು, 'ನೀ ಯಾರ?' ಎಂದ ಕಣ್ಣುಗಳು ಒಂದು ದಿನ ಇವನವೂ ಆಗಬಹುದು ಎಂಬುದೂ. ಹೆದರಿಕೆ ಹೋಗಿರಲಿಲ್ಲ. ಹೋಗುವಂಥದ್ದೂ ಅಲ್ಲ.

ಆದರೂ ಪಕ್ಕದಲ್ಲಿ ಕುಳಿತಳು. ಸೀಸೆ ತಿರುಗಿಸಿ ಓದಿದಳು. ಮುಚ್ಚಳ ಕಿತ್ತಳೆ. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ತಂದು ಗೆರೆಗಳನ್ನು ಒಂದೊಂದಾಗಿ ಎಣಿಸಿದಳು.

"ಹನ್ನೆರಡು."

"ಖರೇನ?"

"ಖರೇನೇ. ಚುಚ್ಕೊಳ್ಳಿ."

ಅವನು ಚುಚ್ಚಿಕೊಂಡ. ಸೂಜಿಗೆ ಮುಚ್ಚಳ ಹಾಕಿದ. ಅವಳ ಕಣ್ಣು ಇನ್ನೂ ಸಿರಿಂಜಿನ ಮೇಲೇ ಇತ್ತು.

"ದಿನಾ ಓದಾಕ ಆಗತೈತೇನ್ರಿ?" ಅವನ ದನಿ ಸಣ್ಣದಾಗಿತ್ತು. "ಅಂಜಿಕಿ ಕೂಡ ಬರತೈತಿ ಮತ್ತ."

"ಬರ್ಲಿ," ಎಂದಳು. "ಹೆದರಿಕೊಂಡೇ ಓದ್ತೀನಿ. ಹಾಗಾದ್ರೇನೇ ತಪ್ಪಾಗಲ್ಲ."

ಸೂಗಪ್ಪನ ಕೆಳತುಟಿ ಹಲ್ಲಿಗೆ ಸಿಕ್ಕಿಕೊಂಡಿತು.

"ಹಂಗಾದ್ರ ಈಗ ನೋಡ್ರಿ," ಎಂದ. "ಸೂಜಿ ಕೆಳಗಿಟ್ಟೀನಿ."

ಅವಳು ತಲೆ ಎತ್ತಿ ನೋಡಿದಳು.