ಕಪ್ಪು ಚೀಟಿಯ ಮೇಲೊಂದು ಎಲೆ

ಹಳೆ ಕಾಫಿ ಡಬ್ಬಿಯ ಮುಚ್ಚಳ ತೆಗೆದ ಸಾಯ್ಮಿ ಅದನ್ನು ನಮ್ಮ ಕಡೆ ವಾಲಿಸಿ ತೋರಿಸಿದಳು.

"ಇದನ್ನ ಯಾರೋ ಸುಟ್ಟಿದ್ದಾರೆ."

ಡಬ್ಬಿಯಲ್ಲಿದ್ದದ್ದು ನಮ್ಮ ಲಾಟರಿ ಚೀಟಿ. ಹಿಂದಿನ ಸಂಜೆ ಬಿಳಿಯಾಗಿತ್ತು. ಈಗ ಇದ್ದಿಲಿನಂತೆ ಕಪ್ಪು. ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಅದಕ್ಕೆ ಬಂದಿದ್ದ ಬಹುಮಾನ ನಲವತ್ತು ಲಕ್ಷ ಯೂರೊ.

ನಾವು ನಾಲ್ವರು ದ್ವೀಪದಿಂದ ಆಚೆ ದಡಕ್ಕೆ ಕಾರು, ಜನರನ್ನು ದಾಟಿಸುವ ಫೆರಿ ನಡೆಸುವವರು. ಪಾಳಿಗೆ ಒಬ್ಬರೇ. ದಡದ ಕೋಣೆ, ಕಾಫಿ, ಲಾಟರಿ ಮಾತ್ರ ನಾಲ್ವರಿಗೂ ಸೇರಿದ್ದು. ಎಲ್ಲರಿಗಿಂತ ಹಿರಿಯರು ಓಯ್ವಾ, ಅರವತ್ತೆರಡು ವರ್ಷ. ಆಮೇಲೆ ಸಾಯ್ಮಿ, ಕುದುರೆ ಸಾಕಿಕೊಂಡಿರುವ ತಾಯ್ಸ್ಟೊ. ಕೊನೆಯವನು ನಾನು, ಇಲ್ಮೊ. ಭೌತಶಾಸ್ತ್ರದ ಓದನ್ನು ಅರ್ಧಕ್ಕೆ ಬಿಟ್ಟು ಬಂದವನು.

"ಪೊಲೀಸರಿಗೆ ಹೇಳೋಣ" ಎಂದೆ.

"ಹೇಳು. ನಾಳೆ ಪೇಪರಲ್ಲಿ ಬರತ್ತೆ. ನಾಡಿದ್ದು, ನನ್ನ ಬಿಟ್ಟುಹೋದ ಗಂಡ ಹೂ ಹಿಡ್ಕೊಂಡು ಬರ್ತಾನೆ" ಎಂದಳು ಸಾಯ್ಮಿ.

ನಮ್ಮ ಕಡೆ ಅದೃಷ್ಟ ಬಂದವರು ಬಾಯಿ ಬಿಡುವುದಿಲ್ಲ. ಅದಕ್ಕೇ ಹೆಲ್ವಿ ಟೀಚರನ್ನು ಕರೆಸಿದೆವು. ದ್ವೀಪದ ಶಾಲೆ ಮುಚ್ಚುವವರೆಗೂ ಜೀವಶಾಸ್ತ್ರ ಕಲಿಸಿದವರು. ಓಯ್ವಾ ಅವರನ್ನು ಬಿಟ್ಟರೆ ಉಳಿದ ಮೂವರೂ ಅವರ ಕೈಯಲ್ಲಿ ಬೈಸಿಕೊಂಡವರೇ.

* * *

ಟೀಚರ್ ಚೀಟಿಯ ಅಂಚು ಹಿಡಿದು ಎತ್ತಿದರು.

"ಈ ಕಾಗದಕ್ಕೆ ಅಂಕಿ ಮೂಡಿಸೋದು ಶಾಯಿಯಲ್ಲ, ಬಿಸಿ. ಇಡೀ ಕಾಗದಕ್ಕೆ ಎಂಬತ್ತು ಡಿಗ್ರಿ ತಗುಲಿದ್ರೆ ಇಡೀ ಕಪ್ಪಾಗತ್ತೆ. ಇಲ್ಮೊ, ನಿನಗೆ ಗೊತ್ತಿರಬೇಕಲ್ಲ?"

"ಗೊತ್ತು ಟೀಚರ್. ಡಬ್ಬಿ ಕಾಫಿ ಮೆಶೀನ್ ಪಕ್ಕದಲ್ಲೇ ಇತ್ತು. ಅದರ ಬಿಸಿನೇ ಇರಬೇಕು."

"ಹಾಗಾದ್ರೆ ಯಾರ ತಪ್ಪೂ ಅಲ್ಲ!" ತಾಯ್ಸ್ಟೊ ಉಸಿರು ಬಿಟ್ಟ.

ಟೀಚರ್ ಡಬ್ಬಿಯನ್ನು ಬೋರಲು ಹಾಕಿದರು. ಅಂಗಡಿಯ ಹಳೆ ಬಿಲ್ಲೊಂದು ಬಿತ್ತು. ಅದೇ ಬಗೆಯ ಕಾಗದ, ಬೆಳ್ಳಗೇ ಇತ್ತು.

"ಡಬ್ಬಿಗೆ ಬಿಸಿ ತಗುಲಿದ್ರೆ ಇದೂ ಕಪ್ಪಾಗಬೇಕಿತ್ತು. ಚೀಟಿ ಹೊರಗೆ ಹೋಗಿ ವಾಪಸ್ ಬಂದಿದೆ. ನಿನ್ನೆ ಸಂಜೆ ಮನೆಗೆ ಹೋದಮೇಲೆ ಇಲ್ಲಿಗೆ ಮತ್ತೆ ಬಂದವರು ಯಾರು?"

ಸಾಯ್ಮಿ ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು.

"ಸುಮ್ನೆ ನೋಡೋಕೆ ಬಂದೆ. ನಿಜವಾ ಅಂತ."

ನಾನೂ ಕೈ ಎತ್ತಿದೆ. ತಾಯ್ಸ್ಟೊನ ಕಿವಿ ಕೆಂಪಾಗಿತ್ತು.

"ನಾನೂ ಬಂದಿದ್ದೆ. ಆದ್ರೆ ಡಬ್ಬಿಲಿ ಚೀಟಿನೇ ಇರ್ಲಿಲ್ಲ."

"ಅದನ್ನ ಈಗ ಹೇಳ್ತೀಯಾ?" ಸಾಯ್ಮಿ ಸಿಡಿದಳು.

"ಹೇಳಿದ್ರೆ ನಾನು ಕದ್ದು ನೋಡೋಕೆ ಬಂದಿದ್ದು ಗೊತ್ತಾಗ್ತಿರ್ಲಿಲ್ವಾ?"

"ಕುದುರೆ ಜೊತೆ ಇದ್ದೂ ಇದ್ದೂ ಅದೇ ಬುದ್ಧಿ ಬಂದಿದೆ ನಿಂಗೆ."

ನಾನು ಮೊದಲು ತಾಯ್ಸ್ಟೊನನ್ನು ಅನುಮಾನಿಸಿದೆ. ಆಮೇಲೆ ಸಾಯ್ಮಿಯನ್ನು. ಆಮೇಲೆ ನನ್ನನ್ನೇ. ಚೀಟಿಯನ್ನು ವಾಪಸ್ ಡಬ್ಬಿಗೆ ಹಾಕಿದ್ದೆನೆ, ಇಲ್ಲವೆ? ಹಾಕಿದ ನೆನಪಿತ್ತು. ಹಾಕದ ನೆನಪೂ ಅಷ್ಟೇ ಸ್ಪಷ್ಟವಾಗಿತ್ತು. ಆ ಅಂಕಿಗಳನ್ನು ನೋಡಿದಾಗಿನಿಂದ ನನ್ನ ತಲೆ ನನ್ನದಾಗಿ ಉಳಿದಿರಲಿಲ್ಲ.

"ಈ ದುಡ್ಡಲ್ಲಿ ಏನು ಮಾಡ್ತೀವಿ ಅಂತ ಮಾತಾಡಿಕೊಂಡಿರಾ?" ಟೀಚರ್ ಕೇಳಿದರು.

"ಬೇರೆ ಇನ್ನೇನು ಮಾತಾಡ್ತೀವಿ?" ಎಂದಳು ಸಾಯ್ಮಿ. "ನಾನು ಪೋರ್ಚುಗಲ್‌ಗೆ. ಹೆಪ್ಪುಗಟ್ಟದ ಸಮುದ್ರ ಬೇಕು ನಂಗೆ."

"ನಾನು ಪೇಟೆಲಿ ಲಾಯ ತಗೋತೀನಿ. ಎರಡು ರೇಸ್ ಕುದುರೆ" ಎಂದ ತಾಯ್ಸ್ಟೊ. "ಇಲ್ಮೊ ನಾಲ್ಕು ಸಲ ಬದಲಾಯಿಸಿದ. ಮೊದಲು ಯೂನಿವರ್ಸಿಟಿ, ಆಮೇಲೆ ದೋಣಿ, ಆಮೇಲೆ ಗೊತ್ತಿಲ್ಲ, ಮತ್ತೆ ಯೂನಿವರ್ಸಿಟಿ, ಮತ್ತೆ ಗೊತ್ತಿಲ್ಲ."

"ನೀವು, ಓಯ್ವಾ?"

"ನಂಗೇನು? ಸೋಮವಾರ ಬೆಳಗ್ಗೆ ಆರಕ್ಕೆ ಪಾಳಿ ಇದೆ ಅಂದೆ."

ಹಿಂದಿನ ಸಂಜೆ ಆ ಮಾತಿಗೆ ನಾವು ಹೊಟ್ಟೆ ಹಿಡಿದು ನಕ್ಕಿದ್ದೆವು. ಈಗ ಯಾರೂ ನಗಲಿಲ್ಲ.

ಟೀಚರ್ ಗೋಡೆಯತ್ತ ತಿರುಗಿದರು. ರಸ್ತೆ ಇಲಾಖೆಯ ನೋಟಿಸು ಅಲ್ಲಿತ್ತು: ಚಾಲಕರು ಸಾಲದೆ ಬಂದರೆ ಫೆರಿಯನ್ನು ಪೇಟೆಯ ಕಚೇರಿಯಿಂದಲೇ ಗುಂಡಿ ಒತ್ತಿ ನಡೆಸಲಾಗುವುದು. ಅದನ್ನು ಅವರು ಎರಡು ಸಲ ಓದಿದರು.

* * *

ಆಮೇಲೆ ಭೂತಗನ್ನಡಿ ತೆಗೆದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲಿ ಬನ್ನಿ."

ಕಪ್ಪಿನ ಒಂದು ಮೂಲೆಯಲ್ಲಿ ಬೆಳ್ಳನೆಯ ಗುರುತು. ಎಲೆ. ನಡುವಿನ ನರ ಕೂಡ ಕಾಣುತ್ತಿತ್ತು.

"ಒದ್ದೆ ಎಲೆ ಅಂಟಿಕೊಂಡಿದ್ದ ಕಡೆ ಕಾಗದಕ್ಕೆ ಬಿಸಿ ತಗುಲಿಲ್ಲ. ಬಿಸಿ, ನೀರು, ಬರ್ಚ್ ಮರದ ಎಲೆ. ಮೂರೂ ಒಟ್ಟಿಗೆ ಎಲ್ಲಿರತ್ತೆ?"

"ಸೌನಾದಲ್ಲಿ" ಎಂದೆ. "ಆದ್ರೆ ಟೀಚರ್, ನಿನ್ನೆ ಶನಿವಾರ. ದ್ವೀಪದ ಎಲ್ಲರ ಮನೇಲೂ ಸೌನಾ ಕಾದಿತ್ತು. ಎಲ್ಲರೂ ಆ ಬಿಸಿ ಆವೀಲಿ ಕೂತು ಬರ್ಚ್ ಸೊಪ್ಪಲ್ಲೇ ಮೈ ಬಡ್ಕೋತಾರೆ."

"ಎಲೆಯ ಆಕಾರ ನೋಡೋ. ನೀವೆಲ್ಲ ಕೊಯ್ಯೋ ಬರ್ಚಿನ ಎಲೆಗೆ ಚೂಪು ತುದಿ. ಇದು ದುಂಡಗಿದೆ. ಇದು ಜೌಗಿನ ಬರ್ಚ್. ದ್ವೀಪದಲ್ಲಿ ಜೌಗು ಒಂದೇ ಕಡೆ ಇರೋದು. ಕಪ್ಪೆ ತೋರಿಸೋಕೆ ಪ್ರತಿ ವರ್ಷ ನಿಮ್ಮನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದೆ."

ಆ ಜೌಗಿನ ದಂಡೆಯಲ್ಲಿ ಯಾರ ಸೌನಾ ಇದೆಯೆಂದು ನಮಗೆಲ್ಲ ಗೊತ್ತಿತ್ತು.

ಓಯ್ವಾ ಕಾಫಿ ಲೋಟ ಕೆಳಗಿಟ್ಟರು.

"ಒಲೆಗೆ ಹಾಕೋಣ ಅಂತ ತಗೊಂಡು ಹೋದೆ. ಆಗ್ಲಿಲ್ಲ. ಸೌನಾದಲ್ಲಿ ಕೂರೋ ಮೇಲಿನ ಹಲಗೆ ಮೇಲಿಟ್ಟು ಕೂತೆ. ನೋಡ್ತಾ ನೋಡ್ತಾ ತಾನಾಗೇ ಕಪ್ಪಾಯ್ತು. ಸರಿ, ತೀರ್ಮಾನ ಆಯ್ತು ಅಂದ್ಕೊಂಡೆ. ಆದ್ರೂ ಚೀಟಿ ನಾಲ್ವರದು. ವಾಪಸ್ ತಂದಿಟ್ಟೆ."

"ಕಳ್ಳನಾಗಿದ್ರೆ ಬಚ್ಚಿಟ್ಕೋತಿದ್ದ" ಎಂದರು ಟೀಚರ್. "ಹಾಳು ಮಾಡಿ ವಾಪಸ್ ಇಟ್ಟವರಿಗೆ ದುಡ್ಡಿನ ಆಸೆ ಇರ್ಲಿಲ್ಲ. ನೀವು ಮೂವರೂ ದ್ವೀಪ ಬಿಟ್ಟು ಹೋಗೋ ಮಾತಾಡಿದ್ರಿ. ಉಳಿಯೋ ಮಾತಾಡಿದ್ದು ಒಬ್ಬರೇ. ನೀವು ಹೋದ್ರೆ ಈ ಫೆರಿನೂ ಪೇಟೆಯವರ ಕೈಗೆ ಹೋಗತ್ತೆ."

"ಒಂದು ಮಾತು ಹೇಳಬಹುದಿತ್ತಲ್ಲ!" ಎಂದಳು ಸಾಯ್ಮಿ.

"ಏನಂತ? ಹೋಗಬೇಡಿ ಅಂತಲಾ? ನೀವು ನಗ್ತಿದ್ರಿ."

ಟೀಚರ್ ಚೀಟಿಯನ್ನು ತಿರುಗಿಸಿದರು. ಹಿಂಬದಿಯಲ್ಲಿ ಉದ್ದನೆಯ ಸಂಖ್ಯೆಯೊಂದಿತ್ತು.

"ಇದು ನಿಜವಾದ ಶಾಯಿ. ಬಿಸಿಗೆ ಏನೂ ಆಗಲ್ಲ. ಇದರಿಂದ ಲಾಟರಿಯವರು ನಿಮ್ಮ ಅಂಕಿ ಹುಡುಕಬಹುದು. ಓಯ್ವಾ, ನೀವು ಹಿಂದೆ ತಿರುಗಿಸಿ ನೋಡ್ಲೇ ಇಲ್ಲ."

ಓಯ್ವಾ ಅವರ ಮುಖದಲ್ಲಿ ಆಗ ಕಂಡದ್ದು ನೆಮ್ಮದಿಯೋ ದುಃಖವೋ ನನಗೆ ಇವತ್ತಿಗೂ ತಿಳಿದಿಲ್ಲ.

"ನಿಮಗೆ ಹೊಡೀಬೇಕು ಅನ್ಸತ್ತೆ ನಂಗೆ" ಎಂದಳು ಸಾಯ್ಮಿ.

"ಹೊಡಿ."

ಅವಳು ಅವರ ಲೋಟಕ್ಕೆ ಕಾಫಿ ಸುರಿದಳು. "ಪಾಲು ಬೇಡ ಅನ್ನೋ ಹಾಗಿಲ್ಲ. ನಾಲ್ಕು ಅಂದ್ರೆ ನಾಲ್ಕೇ."

* * *

ಹಣ ಆಗಸ್ಟ್‌ನಲ್ಲಿ ಬಂತು. ಮೊದಲು ಹೊರಟವಳು ಸಾಯ್ಮಿ. ಸೋಮವಾರ ಬೆಳಗಿನ ಆರರ ಫೆರಿ, ಎರಡು ಸೂಟ್‌ಕೇಸು. ಪಾಳಿ ಓಯ್ವಾ ಅವರದು.

ನಾನು ದಡದಲ್ಲಿ ನಿಂತಿದ್ದೆ. ಯೂನಿವರ್ಸಿಟಿಯ ಅರ್ಜಿ ಕಿಸೆಯಲ್ಲಿತ್ತು. ತುಂಬಿದ್ದೆ, ಸಹಿ ಮಾತ್ರ ಹಾಕಿರಲಿಲ್ಲ. ಫೆರಿ ಹೊರಟಿತು. ಅಭ್ಯಾಸದಂತೆ ಗಡಿಯಾರ ನೋಡಿಕೊಂಡೆ. ಗಾಳಿ ಇರಲಿಲ್ಲ, ಅಲೆ ಇರಲಿಲ್ಲ.

ಆಚೆ ದಡಕ್ಕೆ ಆರು ನಿಮಿಷದ ದಾರಿ. ಓಯ್ವಾ ಅವತ್ತು ಹನ್ನೊಂದು ನಿಮಿಷ ತೆಗೆದುಕೊಂಡರು.