ಟ್ರಂಕಿನಿಂದ ಕಾಣೆಯಾದ ಹುಡುಗಿ

ಟ್ರಂಕಿನ ತಳದಲ್ಲಿ ಫೋಟೋ ಇರಲಿಲ್ಲ. ಅದನ್ನು ಸುತ್ತಿಡುತ್ತಿದ್ದ ರೇಷ್ಮೆ ಬಟ್ಟೆ ಮಾತ್ರ ಮಡಿಸಿಟ್ಟ ಹಾಗೇ ಇತ್ತು.

ನನ್ನ ಹೆಂಡತಿ ಸರಿತಾ ಸೀರೆಗಳನ್ನೆಲ್ಲ ಹೊರಗೆ ಸುರಿದು ಕೊಡವಿ ನೋಡಿದಳು. ಆಮೇಲೆ ನೆಲದ ಮೇಲೇ ಕೂತುಬಿಟ್ಟಳು. ಮಾವ ಚಿನ್ನಸ್ವಾಮಿ ತೀರಿಕೊಂಡು ತಿಂಗಳಾಗಿತ್ತು. ೨೦೦೬ನೇ ಇಸವಿ. ಆ ಫೋಟೋ ತೆಗೆದುಕೊಂಡು ಹೋಗಲೆಂದೇ ನಾವು ಹೊಸೂರಿನಿಂದ ಉದ್ದನಪಲ್ಲಿಗೆ ಬಂದಿದ್ದೆವು.

ಮದುವೆಯಾದ ಹೊಸದರಲ್ಲಿ ಅತ್ತೆ ಮಾವ ಕೃಷ್ಣಗಿರಿಯ ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು ಅದು. ಮಾವ ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಅತ್ತೆ ನರಸಮ್ಮ — ಜಡೆ ತುಂಬ ಕನಕಾಂಬರ, ಕೈಯಲ್ಲಿ ಸ್ಟುಡಿಯೋದವರ ರೇಡಿಯೋ, ಹಲ್ಲು ಕಾಣುವಂಥ ನಗು. ಆ ನಗುವನ್ನು ನಾವು ಯಾರೂ ಕಣ್ಣಾರೆ ಕಂಡವರಲ್ಲ. ಅಮ್ಮನಿಗೂ ಒಂದು ಹರೆಯವಿತ್ತು ಎನ್ನಲು ಸರಿತಾಳ ಬಳಿ ಬೇರೆ ಗುರುತಿಲ್ಲ.

“ಇದು ಅಣ್ಣಂದೇ ಕೆಲಸ. ಸ್ಟುಡಿಯೋಗೆ ಒಯ್ದೋನು ತಿರುಗಿ ತಂದೇ ಇಲ್ಲ. ಫೋಟೋ ಸಿಗ್ದಿದ್ರೆ ನಾನಿನ್ನು ಈ ಮನೆ ಹೊಸಲು ತುಳಿಯಲ್ಲ.”

ಅವಳು ಆಡಿದರೆ ಆಡಿದಂತೆಯೇ. ನನಗೆ ಭಯವಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಪಕ್ಕದ ಮನೆಯ ಗಿಡವನ್ನೇ ಹುಡುಕಿಕೊಂಡು ಹೋದೆ. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಮುನಿವೆಂಕಟಮ್ಮ ಮೊರ ಬದಿಗಿಟ್ಟು ಎದ್ದು ಬಂದರು.

“ಕೊನೇಗೆ ಮುಟ್ಟಿದ್ದು ಯಾರ್ಲಾ, ಮುನಿರಾಜ?”

“ನಾನೇ,” ಎಂದ ಸರಿತಾಳ ಅಣ್ಣ. “ಅಪ್ಪನ್ನ ಮಾತ್ರ ದೊಡ್ಡದು ಮಾಡ್ಸಕ್ಕೆ ಒಯ್ದಿದ್ದೆ. ತಿರುಗಿ ತಂದು ಅಮ್ಮನ ಕೈಗೇ ಕೊಟ್ಟೆ.”

“ಹೌದಾ ನರಸಮ್ಮ?”

“ಟ್ರಂಕಲ್ಲಿ ಇಟ್ಟಿದ್ದೆ,” ಎಂದರು ಅತ್ತೆ. ಅವರು ಮೂಲೆಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು.

“ಅಪ್ಪನ್ನ ಮಾತ್ರ ಯಾಕ್ಲಾ?”

ಉತ್ತರ ಕೊಟ್ಟಿದ್ದು ಮಾವನ ಅಕ್ಕ ಹನುಮಕ್ಕ. “ನಾನೇ ಹೇಳ್ದೆ. ಹಾರ ಹಾಕೋ ಫೋಟೋದಾಗೆ ಬದುಕಿರೋರು ಇರಬಾರ್ದು. ಆಯುಸ್ಸಿಗೆ ಕೇಡು.”

“ಹಂಗಾದ್ರೆ ಅದನ್ನ ಸುಟ್ಟೋರೂ ನೀವೇನಾ ಅತ್ತೆ? ಗಂಡ ಹೋದೋಳು ಹೂ ಮುಡ್ದಿರೋದು ಕಾಣಬಾರ್ದು ಅಂತ?” ಸರಿತಾ ಸೋದರತ್ತೆಯನ್ನು ಕೇಳಿದಳು.

ಹನುಮಕ್ಕನ ಮುಖ ಕಪ್ಪಿಟ್ಟಿತು. “ನಾನೂ ಗಂಡ ಸತ್ತೋಳೇ ಕಣೇ. ಆ ಕೆಲಸ ನಾನು ಮಾಡ್ತೀನಾ?”

ಮುನಿವೆಂಕಟಮ್ಮ ಗೋಡೆಯ ಮುಂದೆ ನಿಂತಿದ್ದರು. ಅಲ್ಲಿ ಹಾರ ಹಾಕಿದ ಮಾವನ ಫೋಟೋ, ಹಣೆಗೆ ಗಂಧ.

“ದಿನಾ ಇದನ್ನ ಒರೆಸೋರು ಯಾರು?”

“ಅಮ್ಮನೇ,” ಎಂದ ಮುನಿರಾಜ್. “ಬೇರೆ ಯಾರ್ನೂ ಮುಟ್ಟಕ್ಕೆ ಬಿಡಲ್ಲ.”

“ಇದೇನಿದು?”

ಮಾವನ ಹೆಗಲ ಪಕ್ಕ, ಚಿತ್ರದಲ್ಲಿ ಏನೂ ಇಲ್ಲದ ಕಡೆ, ಗಾಜಿನ ಮೇಲೊಂದು ಕುಂಕುಮದ ಬೊಟ್ಟಿತ್ತು. ನಾವೆಲ್ಲ ಬೆಳಗಿನಿಂದ ನೋಡುತ್ತಲೇ ಇದ್ದೆವು.

“ಕೈ ತಗುಲಿರ್ಬೇಕು,” ಎಂದೆ.

“ಕೈ ತಗುಲಿದ್ರೆ ಉಜ್ಜಿರೋ ಹಂಗಿರ್ತದೆ ಅಳಿಯಂದ್ರೆ. ಇದು ದುಂಡಗದೆ. ದಿನಾ ಒರೆಸ್ತಾರೆ ಅಂದ್ಮೇಲೆ ಇವತ್ತೇ ಇಟ್ಟಿದ್ದು. ಚಿನ್ನಸ್ವಾಮಣ್ಣಂಗೆ ಗಂಧ ಆಯ್ತು. ಕುಂಕುಮ ಯಾರ್ಗೆ? ಖಾಲಿ ಜಾಗಕ್ಕೆ ಯಾರಾದ್ರೂ ಬೊಟ್ಟು ಇಡ್ತಾರಾ?”

ಅವರು ಫ್ರೇಮು ಇಳಿಸಿ ತಿರುಗಿಸಿದರು. ಹಿಂದಿನ ರಟ್ಟಿನ ಒಂದು ಬದಿಯ ಮೊಳೆಗಳು ಸೊಟ್ಟಗಿದ್ದವು. ರಟ್ಟು ಸರಿಸಿದರೆ — ಮಾವನ ಚಿತ್ರದ ಬೆನ್ನಿಗೆ, ಬೊಟ್ಟಿನ ನೇರಕ್ಕೇ, ಆ ಹಳೆಯ ಫೋಟೋ.

“ತಗೊಂಡೋಳು ನೀನೇ ಅಲ್ವಾ, ನರಸಮ್ಮ?”

ಅತ್ತೆ ಬತ್ತಿ ಕೆಳಗಿಟ್ಟರು. ಹನುಮಕ್ಕನ ದನಿ ನಡುಗಿತು. “ಬದುಕಿರೋರು ಹಾರದ ಕೆಳಗೆ ಕೂತ್ಕತಾರೇನೇ? ಮೊದ್ಲು ಅದನ್ನ ತಗೀರಿ.”

“ನಾನು ಬದುಕಿದ್ದೀನಿ ಕಣಕ್ಕ. ಆ ಹುಡ್ಗಿ ಇಲ್ಲ,” ಎಂದರು ಅತ್ತೆ. “ಅವ್ಳು ನಕ್ಕಿದ್ದು ನೋಡಿದ್ದು ಅವ್ರೊಬ್ರೇ. ಅವ್ರ ಜೊತೇಲೇ ಹೋಗ್ಬುಟ್ಲು. ಅವ್ಳಿಗೂ ಒಂದು ದೀಪ ಬ್ಯಾಡ್ವಾ?”

ಸರಿತಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ನಾನು ಬ್ಯಾಗು ತೆರೆದು ಹಿಡಿದೆ. ಅವಳು ಬೇಡವೆಂದು ತಲೆಯಾಡಿಸಿ, ಅದನ್ನು ಅಪ್ಪನ ಚಿತ್ರದ ಮುಂದೆ, ಆ ಖಾಲಿ ಜಾಗದಲ್ಲಿ, ಗಾಜಿನೊಳಗಿಂದ ಕಾಣುವಂತೆ ಇಟ್ಟಳು.

ಮೊಳೆ ಹೊಡೆಯಲು ಗುಂಡುಕಲ್ಲು ತಂದುಕೊಟ್ಟವರು ಹನುಮಕ್ಕ.